ಬಾದಾಮಿಗೆ ಬಿಸಿನೀರಿನ ಸ್ನಾನ

"ಏನಪ್ಪ, ಹಣ್ಣನ್ನು ಬೇಯಿಸಿ ಮಾರುತ್ತೀಯಾ?" ಎಂದು ಶ್ರೀನಿವಾಸಪುರದ ಮಂಡಿಯಲ್ಲಿ ಹತ್ತು ಜನರೆದುರು ಚಿಕ್ಕಪ್ಪ ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಈಗ ಇದೆ. ಕಳೆದ ಎರಡು ಹಂಗಾಮಿನಲ್ಲಿ ಹುಳು ಸಾಯಲೆಂದು ಬಿಸಿನೀರಿನಲ್ಲಿ ಅದ್ದಿದ ಬಾದಾಮಿ ಮಾವನ್ನು ಬೆಂಗಳೂರಿನ ಮನೆಗಳಿಗೆ ಸುಮಾರು ಎಂಟುನೂರು ಪೆಟ್ಟಿಗೆ ಕಳುಹಿಸಿದ್ದೇನೆ. ಹುಳು ಸಿಕ್ಕಿತೆಂದು ಬಂದ ಫೋನ್ ಎರಡೇ. ಅದರ ಹಿಂದಿನ ವರ್ಷ ಪೆಟ್ಟಿಗೆಗೆ 450 ರೂಪಾಯಿಯಂತೆ ವಾಪಸು ಕೊಟ್ಟು ಕೊಟ್ಟು ಅರವತ್ತು ಸಾವಿರದ ಆಸುಪಾಸು ಕೈಬಿಟ್ಟಿತ್ತು.

ಮೋಹಕ ಬಲೆ ಕಟ್ಟಲಿಲ್ಲವೇ ಎಂದು ಕೇಳಬೇಡಿ. ಕಟ್ಟಿದ್ದೇನೆ. ಬಲೆಯಲ್ಲಿಡುವ ಮೀಥೈಲ್ ಯೂಜಿನಾಲ್ ವಾಸನೆಗೆ ಊಜಿ ನೊಣ, ಅಂದರೆ ಮಾವಿನಲ್ಲಿ ಮೊಟ್ಟೆಯಿಡುವ ಹಣ್ಣುನೊಣ, ಸೇರುಗಟ್ಟಲೆ ಬೀಳುತ್ತದೆ, ಆದರೆ ಬೀಳುವುದೆಲ್ಲ ಗಂಡು. ಪಕ್ಕದ ತೋಟದವರು ಉದುರಿದ ಹಣ್ಣನ್ನು ಮರದಡಿಯೇ ಕೊಳೆಯಲು ಬಿಟ್ಟರೆ, ಅಲ್ಲಿಂದ ಬರುವ ಬಸುರಿ ನೊಣಕ್ಕೆ ನನ್ನ ಬೇಲಿ ಯಾವ ಲೆಕ್ಕ? ಕೊಯ್ಯುವ ಹೊತ್ತಿಗೆ ಸಿಪ್ಪೆಯಡಿ ಮೊಟ್ಟೆ ಇಟ್ಟಾಗಿರುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟು ಗುರುತು, ಅದೂ ಕಂಡರೆ ಕಂಡಿತು.

ಮೊದಲು ನಂಬಿದ್ದು ತಂಪನ್ನು. ಹಡಗಿನಲ್ಲಿ ಹೋಗುವ ಕಿತ್ತಳೆಯನ್ನು 1-2 ಡಿಗ್ರಿಯಲ್ಲಿ ಎರಡು ವಾರ ಇಟ್ಟು ಹುಳು ಸಾಯಿಸುತ್ತಾರೆಂದು ಓದಿದ್ದೆ. ಆಲೂಗಡ್ಡೆ ಇಡುವ ಒಂದು ಶೀತಲಗೃಹದಲ್ಲಿ ಮೂಲೆ ಬಾಡಿಗೆಗೆ ಹಿಡಿದು ನಲವತ್ತು ಪೆಟ್ಟಿಗೆ ಇಟ್ಟೆ. ಹನ್ನೆರಡು ದಿನದ ನಂತರ ತೆಗೆದರೆ ಸಿಪ್ಪೆಯ ಮೇಲೆ ಕಂದು ಮಚ್ಚೆ. ಹುಲ್ಲಿನಲ್ಲಿ ಅಡೆ ಹಾಕಿದರೂ ಹಣ್ಣಾಗಲಿಲ್ಲ, ತಿಂದರೆ ಸಪ್ಪೆ ಸೌತೆಕಾಯಿ. 12-13 ಡಿಗ್ರಿಗಿಂತ ಕೆಳಗೆ ಮಾವು ತಡೆಯುವುದಿಲ್ಲ ಎಂಬುದನ್ನು ಹದಿನೆಂಟು ಸಾವಿರ ಮತ್ತು ಬಾಡಿಗೆ ಕೊಟ್ಟು ಕಲಿತೆ.

ಆಗಲೇ ಮನೆಯ ಫ್ರಿಜ್ಜಿನಲ್ಲಿ ಒಂದು ಡಬ್ಬಿ ಹುಳು ಇಟ್ಟಿದ್ದೆ. ಅದಕ್ಕೆ ನನ್ನ ಹೆಂಡತಿ ಎರಡು ದಿನ ಮಾತು ಬಿಟ್ಟಳು. ನಾಲ್ಕನೆಯ ದಿನ ತೆಗೆದಾಗ ಅನ್ನದ ಅಗುಳಿನಂತೆ ಬಿದ್ದಿದ್ದವು. ಸತ್ತವು ಎಂದುಕೊಂಡು ಅಂಗೈ ಮೇಲೆ ಹಾಕಿಕೊಂಡರೆ ಐದು ನಿಮಿಷದಲ್ಲಿ ಒಂದು ಬಾಗಿ ಬಿಲ್ಲಾಗಿ ಟಪ್ಪೆಂದು ಹಾರಿತು. ತಂಪಿನ ವ್ಯವಹಾರ ಅಲ್ಲಿಗೆ ಮುಗಿಯಿತು.

ಬಿಸಿನೀರಿನ ವಿಧಾನ ನನ್ನ ಸ್ವಂತ ಬುದ್ಧಿಯಲ್ಲ. 48 ಡಿಗ್ರಿ, 60 ನಿಮಿಷ ಎಂಬುದು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಹೇಳಿದ ಲೆಕ್ಕ. ಈ ನೊಣದ ಕಾರಣಕ್ಕೇ 2014ರ ಮೇ ತಿಂಗಳಿನಿಂದ ಯುರೋಪು ನಮ್ಮ ಮಾವನ್ನು ಬೇಡವೆಂದು ನಿಲ್ಲಿಸಿ, 2015ರ ಜನವರಿಯಲ್ಲಿ ಮತ್ತೆ ಬಾಗಿಲು ತೆರೆಯಿತು. ರಫ್ತಿನವರ ಬಳಿ ಲಕ್ಷಗಟ್ಟಲೆ ಬೆಲೆಯ ಯಂತ್ರವಿದೆ. ನನ್ನ ಬಳಿ ಇದ್ದದ್ದು ಬಚ್ಚಲಿನ ಹಂಡೆ.

ಹಂಡೆಯಲ್ಲಿ ಬೆಂದದ್ದು ಮೂರು ಕ್ರೇಟ್. ಮೇಲೆ 44 ಇದ್ದಾಗ ತಳದಲ್ಲಿ 53. ಕೆಳಗಿನ ಹಣ್ಣಿನ ಸಿಪ್ಪೆ ಸುಟ್ಟಿತು, ಮೇಲಿನದರಲ್ಲಿ ಹುಳು ಸುಖವಾಗಿತ್ತು. ಮುಂದೆ ಗುಜರಿಯಿಂದ ಯಾವುದೋ ಲಾಡ್ಜಿನ ಹಳೆಯ ಸೋಲಾರ್ ಹೀಟರ್ ತಂದೆ, ಒಂಬತ್ತು ಸಾವಿರ. 500 ಲೀಟರಿನ ತೊಟ್ಟಿ, 3 ಕಿಲೋವಾಟ್ ಕಾಯಿಲ್, ಥರ್ಮೋಸ್ಟಾಟ್, ನೀರು ತಿರುಗಿಸುವ ಪಂಪು. ಮೊದಲನೆಯದು ಏರ್‌ಕೂಲರಿನ ಪಂಪು, ಹತ್ತೇ ದಿನಕ್ಕೆ ಸುಟ್ಟಿತು. ಎಲ್ಲ ಸೇರಿ ಮೂವತ್ತೆಂಟು ಸಾವಿರ ಆಗಿರಬೇಕು.

ಆದರೂ ಮೊದಲ ತಿಂಗಳು ಹುಳು ಉಳಿಯಿತು. ತಪ್ಪು ಗಡಿಯಾರದಲ್ಲಿತ್ತು. ಎಂಬತ್ತು ಕಿಲೋ ಹಣ್ಣು ಇಳಿಸಿದ ಕೂಡಲೇ ನೀರು ಮೂರು-ನಾಲ್ಕು ಡಿಗ್ರಿ ಕುಸಿಯುತ್ತದೆ. ನಾನು ಇಳಿಸಿದ ಗಳಿಗೆಯಿಂದಲೇ ಎಣಿಸುತ್ತಿದ್ದೆ. ಬಲಿತ ಹುಳು ಗೊರಟಿನ ಪಕ್ಕದಲ್ಲಿರುತ್ತದೆ, ಅಲ್ಲಿಗೆ ಬಿಸಿ ಮುಟ್ಟುವುದೇ ಕೊನೆಗೆ. ಈಗ 50ರಲ್ಲಿ ಇಳಿಸಿ, ನೀರು ಮತ್ತೆ 48ಕ್ಕೆ ಬಂದ ಮೇಲೆ ಎಣಿಕೆ ಶುರು. ಪ್ರತಿ ಸಲ ಒಂದು ಹಣ್ಣಿನ ತಿರುಳಿಗೆ ಮೊನೆಯ ಥರ್ಮಾಮೀಟರ್ ಚುಚ್ಚಿ ನೋಡುತ್ತೇನೆ.

ಲೋಟದಲ್ಲಿಯೂ ಆಡಿದ್ದೇನೆ. 42 ಡಿಗ್ರಿಯ ನೀರಿನಲ್ಲಿ ಅರ್ಧ ಗಂಟೆಯ ನಂತರವೂ ಹುಳು ಮಿಸುಕುತ್ತಿತ್ತು. ನೇರ 48ಕ್ಕೆ ಹಾಕಿದರೆ ಹತ್ತು ನಿಮಿಷದೊಳಗೆ ಎಲ್ಲವೂ ತಣ್ಣಗೆ. ನಿಧಾನವಾಗಿ ಬಿಸಿ ಏರಿಸಿದರೆ ಮಾತ್ರ ಹುಳು ಪಳಗಿಬಿಡುತ್ತದೆ, ಸಾಯಲು ಹೆಚ್ಚು ಹೊತ್ತು ಬೇಕು. ತೊಟ್ಟಿಯನ್ನು ತಣ್ಣಗಿನಿಂದ ಕಾಯಿಸುವವರು ಇದನ್ನು ಗಮನಿಸಲಿ.

ಕಾಯಿ ಬಲಿತಿರಬೇಕು, ಎಳೆಯದಾದರೆ ಸಿಪ್ಪೆ ಸುಕ್ಕುಗಟ್ಟುತ್ತದೆ. ಸೊನೆ ಪೂರ್ತಿ ಬಸಿಯಬೇಕು. ಕೊಯ್ದು ಎಷ್ಟು ಹೊತ್ತಿಗೆ ನೀರಿಗೆ ಇಳಿಸುತ್ತೇನೆ, ತಣಿಸುವ ನೀರಿಗೆ ಏನು ಹಾಕುತ್ತೇನೆ ಎಂಬುದನ್ನು ಬರೆಯುವುದಿಲ್ಲ. ಎರಡು ಬೇಸಿಗೆ ತೆತ್ತು ಕಂಡುಕೊಂಡದ್ದು. ಬೇಡದೆ ಸಿಕ್ಕ ಲಾಭವೆಂದರೆ ಚಿಬ್ಬು ರೋಗದ ಕಪ್ಪು ಚುಕ್ಕೆಯೂ ಕಡಿಮೆಯಾಯಿತು, ಹಣ್ಣು ಒಂದೇ ಸಮ ಬಣ್ಣ ತಿರುಗುತ್ತದೆ. ಗೊರಟಿನೊಳಗಿನ ಮೂತಿಹುಳುವಿಗೆ ಮಾತ್ರ ಇದು ಏನೂ ಮಾಡದು. ಆ ಎರಡು ಫೋನುಗಳಲ್ಲಿ ಒಂದು ಅದರದ್ದೇ.

ನಂಬದವರಿಗೆ ಬಕೆಟ್ ತೋರಿಸುತ್ತೇನೆ. ನೂರು ಹಣ್ಣು ಅದ್ದಿದ್ದು, ನೂರು ಅದ್ದದ್ದು; ಅಡಿಯಲ್ಲಿ ಮರಳು, ಮೇಲೆ ಸೊಳ್ಳೆಪರದೆ. ಎರಡು ವಾರದ ಮೇಲೆ ಮರಳು ಜರಡಿ ಹಿಡಿದರೆ ಅದ್ದದ ಬಕೆಟ್ಟಿನಲ್ಲಿ ಹುಳು ನೊಣವಾಗುವ ಮುಂಚೆ ಕಟ್ಟುವ ಗೋಧಿಕಾಳಿನ ಬಣ್ಣದ ಕೋಶ ಹಿಡಿಯಷ್ಟು, ಅದ್ದಿದ್ದರಲ್ಲಿ ಸೊನ್ನೆ. ಅದನ್ನು ನೋಡಿದ ಮೇಲೆ ಚಿಕ್ಕಪ್ಪನೂ ಕ್ರೇಟ್ ತರತೊಡಗಿದರು. ಊರಿನವರಿಗೆ ಕ್ರೇಟಿಗೆ 30 ರೂಪಾಯಿ, ಅವರಿಗೆ 40.

ಮಲಗೋವ ಇನ್ನೂ ಕೈಗೆ ಬಂದಿಲ್ಲ. ಅರ್ಧ ಕಿಲೋ ಮೀರಿದ ಗುಂಡು ಹಣ್ಣು, ಒಂದು ಗಂಟೆ ಸಾಲದು. ಎಪ್ಪತ್ತೈದು ನಿಮಿಷ ಇಟ್ಟ ಮೂರು ಪೆಟ್ಟಿಗೆ ಈಗ ಹುಲ್ಲಿನಲ್ಲಿದೆ.