‘ನಾಟ್’ ನಿಲ್ಲುವ ಜಾಗದಲ್ಲಿ ‘ಆಲ್ವೇಸ್’

2009ರ ಜನವರಿ 20ರಂದು ಬರಾಕ್ ಒಬಾಮಾ ಅವರಿಗೆ ಪ್ರಮಾಣವಚನ ಬೋಧಿಸುವಾಗ ಅಮೆರಿಕದ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಒಂದು ಪದದ ಜಾಗ ತಪ್ಪಿಸಿಬಿಟ್ಟರು. ಸಂವಿಧಾನದಲ್ಲಿ ಇರುವುದು ‘ಐ ವಿಲ್ ಫೇತ್‌ಫುಲಿ ಎಕ್ಸಿಕ್ಯೂಟ್’ ಎಂದು. ರಾಬರ್ಟ್ಸ್ ‘ಫೇತ್‌ಫುಲಿ’ಯನ್ನು ವಾಕ್ಯದ ಬಾಲಕ್ಕೆ ತಳ್ಳಿದರು. ಒಬಾಮಾ ಅರ್ಧದಲ್ಲೇ ನಿಂತರು. ಮುಂದೆ ಯಾರೂ ತಕರಾರು ತೆಗೆಯದಿರಲಿ ಎಂದು ಮರುದಿನ ಶ್ವೇತಭವನದಲ್ಲಿ ಇಡೀ ಪ್ರಮಾಣವಚನವನ್ನು ಮತ್ತೊಮ್ಮೆ ಮಾಡಿಸಲಾಯಿತು.

ನಮ್ಮ ತಪ್ಪುಗಳಿಗೆ ಅಷ್ಟು ದೊಡ್ಡ ಪ್ರಾಯಶ್ಚಿತ್ತ ಬೇಕಾಗುವುದಿಲ್ಲ. ಆದರೂ ‘ಆಲ್ವೇಸ್ ಹೀ ಕಮ್ಸ್ ಲೇಟ್’, ‘ಐ ಡ್ರಿಂಕ್ ಆಲ್ವೇಸ್ ಕಾಫಿ’ ಎಂದು ಬರೆದ ಮೇಲೆ ಎಲ್ಲೋ ಕಲ್ಲು ಸಿಕ್ಕಿದಂತಾಗುತ್ತದೆ. ಕನ್ನಡದಲ್ಲಿ ‘ಯಾವಾಗಲೂ ಅವನು ತಡವಾಗಿ ಬರುತ್ತಾನೆ’ ಎಂದರೂ ಸರಿ, ‘ಅವನು ಯಾವಾಗಲೂ ತಡವಾಗಿ ಬರುತ್ತಾನೆ’ ಎಂದರೂ ಸರಿ. ವಿಭಕ್ತಿ ಪ್ರತ್ಯಯಗಳು ಯಾರು ಯಾರೆಂದು ಗುರುತು ಹಿಡಿದುಕೊಡುವುದರಿಂದ ಪದಗಳು ಆರಾಮವಾಗಿ ಓಡಾಡುತ್ತವೆ. ಇಂಗ್ಲಿಷ್ ಆ ಪ್ರತ್ಯಯಗಳನ್ನು ಬಹುಪಾಲು ಕಳೆದುಕೊಂಡ ಭಾಷೆ. ಅಲ್ಲಿ ಸಾಲಿನಲ್ಲಿ ನಿಂತ ಜಾಗವೇ ಗುರುತಿನ ಚೀಟಿ.

ಕ್ರಿಯೆ ಎಷ್ಟು ಸಲ, ಯಾವಾಗ, ಹೇಗೆ ನಡೆಯಿತೆಂದು ಹೇಳುವ ‘ಆಲ್ವೇಸ್’ನಂಥ ಪದಗಳೇ ಕ್ರಿಯಾವಿಶೇಷಣಗಳು. ಅವು ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಶಾಲೆಯಲ್ಲಿ ಮೂರು ನಿಯಮ ಕಲಿಸುತ್ತಾರೆ: ಮುಖ್ಯ ಕ್ರಿಯಾಪದಕ್ಕಿಂತ ಮೊದಲು, ‘ಈಸ್, ಆಮ್, ಆರ್’ ಬಂದರೆ ಅವುಗಳ ನಂತರ, ‘ವಿಲ್’, ‘ಹ್ಯಾವ್’ನಂಥ ಸಹಾಯಕ ಕ್ರಿಯಾಪದವಿದ್ದರೆ ಅದರ ನಂತರ. ಮೂರೂ ಸರಿಯೇ, ಮಾತಾಡುವಾಗ ಒಂದೂ ನೆನಪಾಗುವುದಿಲ್ಲ. ನಾನು ಒಂದನ್ನೇ ಇಟ್ಟುಕೊಂಡಿದ್ದೇನೆ: ‘ನಾಟ್’ ಎಲ್ಲಿ ನಿಲ್ಲುತ್ತದೆಯೋ ಕ್ರಿಯಾವಿಶೇಷಣಕ್ಕೂ ಅಲ್ಲೇ ಜಾಗ.

ಮೊದಲು, ಹೇಳಬೇಕಾದ ವಾಕ್ಯವನ್ನು ‘ನಾಟ್’ ಸೇರಿಸಿ ಮನಸ್ಸಿನಲ್ಲೇ ಹೇಳಿಕೊಳ್ಳಿ. ‘ಶೀ ಈಸ್ ನಾಟ್ ಲೇಟ್.’ ಆಮೇಲೆ ‘ನಾಟ್’ ಅನ್ನು ಎಬ್ಬಿಸಿ ಆ ಕುರ್ಚಿಯಲ್ಲಿ ‘ಆಲ್ವೇಸ್’ ಅನ್ನು ಕೂರಿಸಿ: ‘ಶೀ ಈಸ್ ಆಲ್ವೇಸ್ ಲೇಟ್.’ ‘ಐ ಹ್ಯಾವ್ ನಾಟ್ ಈಟನ್’ ಎನ್ನುವುದು ‘ಐ ಹ್ಯಾವ್ ಆಲ್ರೆಡಿ ಈಟನ್’ ಆಗುತ್ತದೆ. ಸಹಾಯಕ ಕ್ರಿಯಾಪದಗಳು ಎರಡು ಮೂರು ಬಂದರೂ ‘ನಾಟ್’ ಮೊದಲನೆಯದರ ಪಕ್ಕದಲ್ಲೇ ನಿಲ್ಲುತ್ತದೆ. ಆದ್ದರಿಂದ ‘ದೇ ಹ್ಯಾವ್ ಆಲ್ರೆಡಿ ಬೀನ್ ಟೋಲ್ಡ್’. ರಾಬರ್ಟ್ಸ್ ಅವರ ವಾಕ್ಯವನ್ನೂ ಹೀಗೆಯೇ ಪರೀಕ್ಷಿಸಬಹುದು: ‘ಐ ವಿಲ್ ನಾಟ್ ಎಕ್ಸಿಕ್ಯೂಟ್’ ಎಂದಾಗ ‘ಫೇತ್‌ಫುಲಿ’ಯ ಜಾಗ ತಾನಾಗಿ ಕಾಣುತ್ತದೆ.

ಮುಂದಿನ ಹೆಜ್ಜೆಯಲ್ಲಿ ಸ್ವಲ್ಪ ಎಚ್ಚರ ಬೇಕು. ಒಂಟಿ ಕ್ರಿಯಾಪದವಿರುವ ವಾಕ್ಯಕ್ಕೆ ‘ನಾಟ್’ ಬರುವಾಗ ‘ಡೂ’, ‘ಡಸ್’ ಅಥವಾ ‘ಡಿಡ್’ ಅನ್ನೂ ಕೈಹಿಡಿದು ಕರೆತರುತ್ತದೆ. ‘ಐ ಡೂ ನಾಟ್ ಡ್ರಿಂಕ್ ಕಾಫಿ.’ ‘ನಾಟ್’ ಹೋದರೆ ಅದೂ ಹೋಗಬೇಕು: ‘ಐ ಆಲ್ವೇಸ್ ಡ್ರಿಂಕ್ ಕಾಫಿ.’ ಆದರೆ ‘ಡಸ್’ ಹೋಗುವಾಗ ತನ್ನ ‘ಸ್’ ಅನ್ನು ಕ್ರಿಯಾಪದಕ್ಕೆ ಹಿಂದಿರುಗಿಸಿ ಹೋಗುತ್ತದೆ. ‘ಶೀ ಡಸ್ ನಾಟ್ ಈಟ್’ ಇದ್ದದ್ದು ‘ಶೀ ನೆವರ್ ಈಟ್ಸ್’. ‘ಡಿಡ್’ ಹೋದರೆ ಭೂತಕಾಲ ಕ್ರಿಯಾಪದದ ಮೇಲೆ ಬೀಳುತ್ತದೆ: ‘ಶೀ ಡಿಡ್ ನಾಟ್ ಈಟ್’, ‘ಶೀ ರೇರ್ಲಿ ಏಟ್’. ‘ಶೀ ಆಲ್ವೇಸ್ ಈಟ್’ ಎಂಬ ತಪ್ಪು ಹುಟ್ಟುವುದು ಈ ಲೆಕ್ಕ ಚುಕ್ತಾ ಮಾಡದೆ ಮುಂದೆ ಹೋದಾಗ.

ಇಷ್ಟು ಮಾಡಿದರೆ ಕ್ರಿಯಾಪದಕ್ಕೂ ಕರ್ಮಕ್ಕೂ ನಡುವೆ ನುಗ್ಗುವ ತಪ್ಪು ತಾನಾಗಿ ನಿಲ್ಲುತ್ತದೆ. ‘ಡ್ರಿಂಕ್’ ಮತ್ತು ‘ಕಾಫಿ’ ನಡುವೆ ‘ಆಲ್ವೇಸ್’ನಂಥವಕ್ಕೆ ಜಾಗವಿಲ್ಲ. ‘ಐ ಲೈಕ್ ವೆರಿ ಮಚ್ ಮ್ಯಾಂಗೋಸ್’ ಕೂಡದು. ‘ವೆರಿ ಮಚ್’ ಕೊನೆಗೆ ಹೋಗಲಿ.

ಈ ಕುರ್ಚಿ ಎಲ್ಲರಿಗೂ ಸಿಗುವುದಿಲ್ಲ. ಆಲ್ವೇಸ್, ಯೂಶುಅಲಿ, ಆಫನ್, ನೆವರ್, ಆಲ್ರೆಡಿ, ಜಸ್ಟ್, ಸ್ಟಿಲ್, ಪ್ರಾಬಬ್ಲಿ ಇಲ್ಲಿ ಕೂರುವ ಬಳಗ. ಯೆಸ್ಟರ್ಡೇ, ಟುಮಾರೋ, ಹಿಯರ್, ಫಾಸ್ಟ್ ಹೊರಗಿನವು. ‘ನಾನು ನಿನ್ನೆ ಮೈಸೂರಿಗೆ ಹೋಗಿದ್ದೆ’ ಎಂಬ ಸಾಲನ್ನು ಹಾಗೆಯೇ ಎತ್ತಿಟ್ಟರೆ ‘ಐ ಯೆಸ್ಟರ್ಡೇ ವೆಂಟ್’ ಆಗುತ್ತದೆ, ಬೇಡ. ಕಾಲ ಮತ್ತು ಸ್ಥಳ ಹೇಳುವ ಪದಗಳು ಸಾಮಾನ್ಯವಾಗಿ ಕೊನೆಗೆ ಇದ್ದರೆ ಕ್ಷೇಮ.

ಸೂತ್ರ ಕೈಕೊಡುವ ಒಂದು ಜಾಗವಿದೆ. ‘ಆರ್ ಯೂ ಬಿಸಿ?’ ಎಂದು ಕೇಳಿದವರಿಗೆ ಚುಟುಕಾಗಿ ಉತ್ತರಿಸುವಾಗ ‘ಐ ಆಮ್ ಆಲ್ವೇಸ್’ ಅಲ್ಲ, ‘ಐ ಆಲ್ವೇಸ್ ಆಮ್’. ವಾಕ್ಯ ಕ್ರಿಯಾಪದದಲ್ಲೇ ಮುಗಿಯುವಾಗ ಕ್ರಿಯಾವಿಶೇಷಣ ಅದಕ್ಕಿಂತ ಮೊದಲು ಬರುತ್ತದೆ. ಕ್ರಿಯಾಪದ ಕೊನೆಗೆ ಬರುವ ಭಾಷೆಯವರಾದ ನಮಗೆ ಇದೊಂದಾದರೂ ಸಲೀಸು.

ಇನ್ನು ‘ಓನ್ಲಿ’. ಇದು ನಮ್ಮ ‘ಏ’ಕಾರದ ಕಥೆ. ‘ನಾನೇ ಬಂದೆ’, ‘ಇವತ್ತೇ ಬಂದೆ’, ‘ಎರಡೇ ಇಡ್ಲಿ ತಿಂದೆ’: ಯಾವ ಪದಕ್ಕೆ ಒತ್ತು ಬೇಕೋ ಅದರ ಬಾಲಕ್ಕೆ ಒಂದು ‘ಏ’ ಅಂಟಿಸಿದರೆ ಕೆಲಸ ಮುಗಿಯಿತು. ಅದೇ ಚಟದಲ್ಲಿ ‘ಟುಡೇ ಓನ್ಲಿ ಐ ಕೇಮ್’ ಎನ್ನುತ್ತೇವೆ. ನಮ್ಮ ನಮ್ಮಲ್ಲಿ ಅದು ಚೆನ್ನಾಗಿಯೇ ಅರ್ಥವಾಗುತ್ತದೆ, ಅದಕ್ಕಾಗಿ ಯಾರೂ ನಾಚಬೇಕಿಲ್ಲ. ಹೊರಗಿನವರ ಆಡುಮಾತಿನಲ್ಲಿ ‘ಓನ್ಲಿ’ ಕೂಡ ಅದೇ ಕುರ್ಚಿ ಹಿಡಿಯುತ್ತದೆ: ‘ಐ ಓನ್ಲಿ ಕೇಮ್ ಟುಡೇ’, ‘ಐ ಓನ್ಲಿ ಏಟ್ ಟೂ ಇಡ್ಲೀಸ್’. ಒತ್ತು ‘ಟುಡೇ’ಗೋ ‘ಟೂ’ಗೋ ಎಂಬುದನ್ನು ದನಿ ಏರಿಸಿ ತಿಳಿಸುತ್ತಾರೆ. ಬರಹದಲ್ಲಿ ದನಿ ಕೇಳಿಸದಿರುವುದರಿಂದ ಅಲ್ಲಿ ಮಾತ್ರ ‘ಏಟ್ ಓನ್ಲಿ ಟೂ’ ಎಂದು ಎಣಿಕೆಯ ಪಕ್ಕದಲ್ಲಿಡುವುದು ಲೇಸು.

ಕ್ರಿಯಾವಿಶೇಷಣ ಮತ್ತು ‘ನಾಟ್’ ಎರಡೂ ಒಟ್ಟಿಗೆ ಬಂದರೆ? ‘ಪ್ರಾಬಬ್ಲಿ’ ಮತ್ತು ‘ಸ್ಟಿಲ್’ ಮೊದಲು ನಿಲ್ಲುತ್ತವೆ: ‘ಐ ಪ್ರಾಬಬ್ಲಿ ವೋಂಟ್ ಕಮ್’, ‘ಐ ಸ್ಟಿಲ್ ಡೋಂಟ್ ನೋ’. ‘ಆಲ್ವೇಸ್’ ‘ನಾಟ್’ನ ನಂತರ ಬರುತ್ತದೆ: ‘ಐ ಡೋಂಟ್ ಆಲ್ವೇಸ್ ಕುಕ್’. ‘ರಿಯಲಿ’ ಎರಡೂ ಕಡೆ ಸಲ್ಲುತ್ತದೆ, ಆದರೆ ಅರ್ಥ ಬದಲಾಗುತ್ತದೆ. ‘ಐ ಡೋಂಟ್ ರಿಯಲಿ ಲೈಕ್ ಇಟ್’ ಎಂದರೆ ಅಷ್ಟೇನೂ ಇಷ್ಟವಿಲ್ಲ. ‘ಐ ರಿಯಲಿ ಡೋಂಟ್ ಲೈಕ್ ಇಟ್’ ಎಂದರೆ ಖಂಡಿತ ಇಷ್ಟವಿಲ್ಲ. ಉಪ್ಪಿಟ್ಟು ಬಡಿಸಿದವರ ಎದುರಿಗೆ ಮೊದಲನೆಯದನ್ನು ಆರಿಸಿಕೊಳ್ಳಿ.