ಬೆಂಚು ಮೊದಲು, ಜಾರುಬಂಡೆ ಆಮೇಲೆ: ಪಾರ್ಕ್ ಮಾಡಿದ ನನ್ನ ಅನುಭವ

ಖಾಲಿ ಜಾಗ ಕೈಗೆ ಬಂದಾಗ ಎಲ್ಲರದ್ದೂ ಒಂದೇ ಮಾತು: ಜಾರುಬಂಡೆ, ಜೋಕಾಲಿ ಹಾಕಿಸಿ, ಜನ ತಾನಾಗೇ ಬರುತ್ತಾರೆ. ನಾನು ಹೆಚ್ಚುಕಡಿಮೆ ಅರ್ಧ ದುಡ್ಡನ್ನು ಬೆಂಚು, ನೆರಳು, ಕುಡಿಯುವ ನೀರು, ಶೌಚಾಲಯಕ್ಕೇ ಸುರಿದೆ. ಕಮಿಟಿಯವರು ನಕ್ಕರು. ಈಗ ಸಂಜೆ ಅವರಿಗೇ ಕೂರಲು ಜಾಗ ಸಿಗುವುದಿಲ್ಲ!

ಅಜ್ಜಿ ಆರಾಮಾಗಿ ಕೂತರೆ ತಾನೇ ಮೊಮ್ಮಗು ಒಂದು ಗಂಟೆ ಆಡೋದು? ಬೆಂಚಿಗೆ ಒರಗು ಬೇಕೇ ಬೇಕು. ಪಕ್ಕದಲ್ಲಿ ಹಿಡಿ ಇದ್ದರೆ ಮಂಡಿನೋವಿನವರು ಒಬ್ಬರೇ ಏಳುತ್ತಾರೆ. ಕೂತಲ್ಲಿಂದ ಮಗುವೂ ಕಾಣಬೇಕು, ಗೇಟೂ ಕಾಣಬೇಕು. ಅದಕ್ಕೇ ಆಟದ ಜಾಗಕ್ಕೆ ಒಂದೇ ಗೇಟು.

ದಾರಿಗೆ ಕಲ್ಲು ಹಾಸಲು ಅವಸರ ಮಾಡಲಿಲ್ಲ. ಕೆಲವು ತಿಂಗಳು ಸುಮ್ನೆ ಬಿಟ್ಟೆ. ಜನ ಓಡಾಡಿ ಹುಲ್ಲು ಸವೆದ ಕಡೆಯೇ ದಾರಿ ಮಾಡಿಸಿದೆ. ನಕ್ಷೆಯಲ್ಲಿದ್ದ ಅಂಕುಡೊಂಕು ದಾರಿಯಲ್ಲಿ ಒಬ್ಬರೂ ನಡೆದಿರಲಿಲ್ಲ. ಅಗಲ ಸುಮಾರು 6 ಅಡಿ, ಎರಡು ಗಾಲಿಕುರ್ಚಿ ಎದುರುಬದುರು ಬಂದರೂ ದಾಟಬಹುದು. ಇಳಿಜಾರು 20 ಅಡಿಗೆ 1 ಅಡಿಗಿಂತ ಜಾಸ್ತಿ ಇಲ್ಲ.

ದುಡ್ಡು ಕರಗಿದ್ದು ಆಟದ ಸಾಮಾನಿಗಿಂತ ಅದರ ಕೆಳಗಿನ ನೆಲಕ್ಕೆ. ಮರದ ಚಕ್ಕೆ ಹಾಕಿಸಿದೆವು. ಮೊದಲ ಜೋರು ಮಳೆಗೇ ತೇಲಿಹೋಗಿ ಚರಂಡಿ ಕಟ್ಟಿಕೊಂಡಿತು. ರಬ್ಬರ್ ಹಾಸಿನ ತುಂಡೊಂದನ್ನು ಬಿಸಿಲಲ್ಲಿಟ್ಟು ನೋಡಿದೆ, ಮಧ್ಯಾಹ್ನ ಬರಿಗಾಲು ಇಡಲಾಗಲಿಲ್ಲ. ಕೊನೆಗೆ ಮರಳೇ ಗತಿ: ಅಡಿಯಲ್ಲಿ ಜಲ್ಲಿ, ಮೇಲೆ ಒಂದು ಅಡಿ ಮರಳು. ಜೋಕಾಲಿ ಕೆಳಗೆ ಅದು ಪಕ್ಕಕ್ಕೆ ಸರಿದು ಗುಂಡಿ ಬೀಳುತ್ತೆ, ಆಗಾಗ ಎಳೆದು ಮಟ್ಟ ಮಾಡಬೇಕು.

ಮರಳಿನ ಪಕ್ಕ ತಮಾಷೆಗೆ ಒಂದು ಕೈಪಂಪು ನಿಲ್ಲಿಸಿದ್ದೆ. ಒಬ್ಬ ಒತ್ತುತ್ತಾನೆ, ಇನ್ನೊಬ್ಬಳು ಕಾಲುವೆ ತೋಡುತ್ತಾಳೆ, ಪುಟಾಣಿಯೊಂದು ಅಂಗೈಯಲ್ಲಿ ಅಣೆಕಟ್ಟು ಕಟ್ಟುತ್ತೆ. ದುಬಾರಿ ಜಾರುಬಂಡೆ ಖಾಲಿ! ಪರಿಚಯವೇ ಇಲ್ಲದ ಅಪ್ಪ ಅಮ್ಮಂದಿರು ಮಾತಿಗೆ ಶುರುವಾಗಿದ್ದೂ ಅಲ್ಲೇ, ಒದ್ದೆ ಬಟ್ಟೆ ಹಿಂಡುತ್ತಾ.

ಕಸ, ನೀರು, ಗೇಟಿನ ಕೆಲಸ ಸುತ್ತಲಿನ ಬೀದಿಯವರಿಗೇ ಸಂಬಳಕ್ಕೆ ಕೊಟ್ಟೆವು. ವಾರಕ್ಕೊಂದು ದಿನ ಒಂದು ಮೂಲೆ ಸಣ್ಣ ವ್ಯಾಪಾರಿಗಳಿಗೆ. ನೆನಪಿದ್ದ ಮಟ್ಟಿಗೆ ನಿರ್ವಹಣೆಯ ಮೂರನೇ ಒಂದು ಭಾಗ ಆ ಬಾಡಿಗೆಯಿಂದಲೇ ಹುಟ್ಟುತ್ತೆ. ಕಟ್ಟುವ ದುಡ್ಡಲ್ಲೂ ಹತ್ತರಲ್ಲಿ ಒಂದು ಪಾಲು ರಿಪೇರಿಗೆ ಅಂತ ಮೊದಲೇ ಎತ್ತಿಟ್ಟಿದ್ದೆ. ಜಿಪುಣತನ ಅಂದಿದ್ದರು. ಮೊದಲ ವರ್ಷವೇ ಜೋಕಾಲಿಯ ಕೊಂಡಿಗಳು ಸವೆದವು, ಯಾರ ಮುಂದೆಯೂ ಕೈಚಾಚದೆ ಒಂದೇ ದಿನದಲ್ಲಿ ಬದಲಾಯಿಸಿದೆವು.