ದಪ್ಪ ಅಕ್ರಿಲಿಕ್ ಟ್ಯಾಂಕಿಗೆ ಮ್ಯಾಗ್ನೆಟ್ ಪಂಪು ಕೂರಿಸುವುದು ಹೇಗೆ?

ಮೀನು, ಹವಳ ಸಾಕುವ ಅಕ್ರಿಲಿಕ್ (ಗಾಜಿನಂತೆ ಕಾಣುವ ಪ್ಲಾಸ್ಟಿಕ್) ಟ್ಯಾಂಕಿನಲ್ಲಿ ನೀರು ಓಡಾಡಿಸುವ ಪಂಪನ್ನು ಗೋಡೆಯ ಆಚೀಚೆ ಒಂದೊಂದು ಮ್ಯಾಗ್ನೆಟ್ ಇಟ್ಟು ನಿಲ್ಲಿಸುತ್ತಾರೆ. ಪಂಪಿನ ಡಬ್ಬಿಯ ಮೇಲೆ "20 ಮಿ.ಮೀ. ವರೆಗೆ" ಎಂದಿರುತ್ತದೆ. ಟ್ಯಾಂಕ್ ಮಾಡಿಕೊಟ್ಟವರೂ ಗೋಡೆ 20 ಮಿ.ಮೀ. ಎಂದೇ ಹೇಳಿರುತ್ತಾರೆ. ಆದರೂ ಸ್ವಲ್ಪ ದಿನದಲ್ಲೇ ಪಂಪು ಜಾರಿ ತಳಕ್ಕೆ ಬಿದ್ದಿರುತ್ತದೆ. ಇದರಲ್ಲಿ ಹೆಚ್ಚಿನ ಸಲ ಪಂಪಿನ ದೋಷವಿರುವುದಿಲ್ಲ. ಎರಡು ಮ್ಯಾಗ್ನೆಟ್‌ಗಳ ನಡುವೆ ನಿಜವಾಗಿ ಎಷ್ಟು ಅಂತರವಿದೆ ಎಂಬುದನ್ನು ಯಾರೂ ಅಳೆದಿರುವುದಿಲ್ಲ, ಅಷ್ಟೆ.

ಮೊದಲು ಗೋಡೆ ಅಳೆಯಿರಿ

ಎರಕ ಹೊಯ್ದ ಅಕ್ರಿಲಿಕ್ ಹಾಳೆಯ ದಪ್ಪ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಅದಕ್ಕಿರುವ ಐಎಸ್‌ಒ 7823-1 ಮಾನದಂಡವೇ 0.4 ಮಿ.ಮೀ. ಜೊತೆಗೆ ದಪ್ಪದ ಹತ್ತನೇ ಒಂದು ಪಾಲಿನಷ್ಟು ಹೆಚ್ಚುಕಡಿಮೆಯನ್ನು ಒಪ್ಪುತ್ತದೆ. ಅಂದರೆ 20 ಮಿ.ಮೀ. ಎಂದು ಮಾರಿದ ಹಾಳೆ 17.6ರಿಂದ 22.4 ಮಿ.ಮೀ. ನಡುವೆ ಎಷ್ಟಾದರೂ ಇರಬಹುದು. 25 ಮಿ.ಮೀ. ಹಾಳೆ 27.9 ಮಿ.ಮೀ. ಇದ್ದರೂ ಅದು ಕಳಪೆ ಮಾಲಲ್ಲ. ಒಂದೇ ಗೋಡೆಯ ಎರಡು ತುದಿಗಳಲ್ಲೂ ವ್ಯತ್ಯಾಸ ಸಿಗುತ್ತದೆ.

ಮೇಲಂಚು ಬರಿದಾಗಿದ್ದರೆ ವರ್ನಿಯರ್ ಕ್ಯಾಲಿಪರ್ ಸಾಕು. ದಪ್ಪ ಅಕ್ರಿಲಿಕ್ ಟ್ಯಾಂಕ್‌ಗಳಲ್ಲಿ ಸಾಮಾನ್ಯವಾಗಿ ಮೇಲೆ ಸುತ್ತಲೂ ಅಡ್ಡಪಟ್ಟಿ ಅಂಟಿಸಿರುವುದರಿಂದ ಅಂಚು ಸಿಗುವುದಿಲ್ಲ. ಆಗ ಅಲ್ಟ್ರಾಸಾನಿಕ್ ದಪ್ಪಮಾಪಕ ಬಳಸಿ. ಅದರಲ್ಲಿ ಶಬ್ದದ ವೇಗವನ್ನು ಸೆಕೆಂಡಿಗೆ 2,730 ಮೀಟರ್ ಎಂದು ಹೊಂದಿಸಿದರೆ ತುಂಬಿದ ಟ್ಯಾಂಕನ್ನೂ ಹೊರಗಿನಿಂದಲೇ ಅಳೆಯಬಹುದು. ಉಕ್ಕಿಗೆ ಹೊಂದಿಸಿದ ವೇಗದಲ್ಲೇ ಬಿಟ್ಟರೆ ಇದ್ದದ್ದರ ಎರಡರಷ್ಟು ತೋರಿಸುತ್ತದೆ. ಪಂಪು ಕೂರಿಸಬೇಕಾದ ಜಾಗದಲ್ಲೇ ಅಳೆಯಿರಿ, ಅಂಚಿನಲ್ಲಲ್ಲ.

ಬಂದ ಅಳತೆಗೆ, ಮ್ಯಾಗ್ನೆಟ್ಟಿಗೂ ಗೋಡೆಗೂ ನಡುವೆ ಇರುವ ಒಳಗಿನ ಮತ್ತು ಹೊರಗಿನ ಮೆತ್ತನೆ ಪ್ಯಾಡ್‌ಗಳ ದಪ್ಪ ಸೇರಿಸಿ. 21.5 ಮಿ.ಮೀ. ಗೋಡೆಗೆ 2 ಮಿ.ಮೀ.ನ ಎರಡು ಪ್ಯಾಡ್ ಸೇರಿದರೆ ಅಂತರ 25.5 ಮಿ.ಮೀ. ಡಬ್ಬಿಯ ಮೇಲಿನ ಸಂಖ್ಯೆ ಕಂಪನಿಯ ಸ್ವಂತ ಪ್ಯಾಡ್‌ಗಳನ್ನು ಲೆಕ್ಕಕ್ಕೆ ಹಿಡಿದೇ ಬಂದಿರುತ್ತದೆ. ಆದ್ದರಿಂದ ನೀವು ಬೇರೆ ದಪ್ಪ ಪ್ಯಾಡ್ ಹಾಕಿದರೆ ಮಾತ್ರ ಆ ಹೆಚ್ಚುವರಿಯನ್ನು ಕಳೆಯಬೇಕು. ಜೊತೆಗೆ ಆ ಸಂಖ್ಯೆ ಗರಿಷ್ಠ ಮಿತಿ, ಆರಾಮದ ಮಿತಿಯಲ್ಲ. ನಿಜವಾದ ಗೋಡೆಗಿಂತ ಕನಿಷ್ಠ ಶೇಕಡಾ 20ರಷ್ಟು ಹೆಚ್ಚು ಬರೆದಿರುವುದನ್ನೇ ಕೊಳ್ಳಿ. 25 ಮಿ.ಮೀ. ಗೋಡೆಗೆ 30 ಮಿ.ಮೀ. ಎಂದಿರುವ ಹೋಲ್ಡರ್ (ಪಂಪನ್ನು ಹಿಡಿಯುವ ಮ್ಯಾಗ್ನೆಟ್ ಜೋಡಿ) ಸರಿ.

ನೀರು ತುಂಬಿದಾಗ ಗೋಡೆ ಉಬ್ಬುವುದರಿಂದಲೇ ಮ್ಯಾಗ್ನೆಟ್ ಹಿಡಿಯುವುದಿಲ್ಲ ಎಂಬ ಮಾತಿದೆ. ಲೆಕ್ಕ ಹಾಕಿದರೆ ಅದು ನಿಲ್ಲುವುದಿಲ್ಲ. 120 ಸೆಂ.ಮೀ. ಉದ್ದದ ಗೋಡೆ ನಡುವೆ 6 ಮಿ.ಮೀ. ಉಬ್ಬಿದರೂ 8 ಸೆಂ.ಮೀ. ಅಗಲದ ಮ್ಯಾಗ್ನೆಟ್ಟಿನ ಕೆಳಗೆ ಉಂಟಾಗುವ ಸಂದು 0.03 ಮಿ.ಮೀ. ಮಾತ್ರ. 30 ಸೆಂ.ಮೀ. ಉದ್ದದ ಅಡ್ಡ ಪಂಪುಗಳಿಗೆ ಅದು ಸುಮಾರು 0.4 ಮಿ.ಮೀ. ಆಗುತ್ತದೆ. ಅಂಥವನ್ನು ಉದ್ದುದ್ದ ನಿಲ್ಲಿಸಿ, ಗೋಡೆಯ ತುದಿಯ ಕಡೆಗೆ ಕೂರಿಸಿದರೆ ಒಳ್ಳೆಯದು.

ಯಾವ ಬಗೆಯ ಪಂಪು ಎಂಬುದು ಮುಖ್ಯ

ಮೊದಲ ಬಗೆಯಲ್ಲಿ ಮೋಟಾರ್ ನೀರಿನೊಳಗೇ ಇರುತ್ತದೆ, ಹೊರಗಿನ ಮ್ಯಾಗ್ನೆಟ್ ಅದನ್ನು ಹಿಡಿದುಕೊಳ್ಳುತ್ತದೆ ಅಷ್ಟೆ. ಇಲ್ಲಿ ಗೋಡೆ ದಪ್ಪವಾದರೆ ಹಿಡಿತ ಕಡಿಮೆಯಾಗುತ್ತದೆ, ಪಂಪಿನ ಓಟಕ್ಕೇನೂ ತೊಂದರೆಯಿಲ್ಲ. ಹೋಲ್ಡರ್ ಬದಲಿಸಿದರೆ ಕೆಲಸ ಮುಗಿಯಿತು.

ಎರಡನೆಯದರಲ್ಲಿ, ಉದಾಹರಣೆಗೆ ವೋರ್ಟೆಕ್ ಪಂಪುಗಳಲ್ಲಿ, ಮೋಟಾರ್ ಹೊರಗಿದ್ದು ಒಳಗಿನ ಪ್ರೊಪೆಲ್ಲರನ್ನು ಗೋಡೆಯಾಚೆಯಿಂದ ಮ್ಯಾಗ್ನೆಟ್ ಮೂಲಕವೇ ತಿರುಗಿಸುತ್ತದೆ. ಇಲ್ಲಿ ಅಂತರ ಹೆಚ್ಚಾದರೆ ಹಿಡಿತದ ಜೊತೆ ತಿರುಗಿಸುವ ಬಲವೂ ಹೋಗುತ್ತದೆ. ಪಂಪು ಚಾಲೂ ಆಗುವಾಗ, ಅಲೆಯ ಮೋಡ್‌ನಲ್ಲಿ ವೇಗ ಒಮ್ಮೆಲೇ ಏರುವಾಗ ಒಳಗಿನ ಭಾಗ ಮೋಟಾರಿನ ಹೆಜ್ಜೆ ತಪ್ಪಿ ಕಟಕಟ ಸದ್ದು ಮಾಡುತ್ತದೆ, ಕೆಲವೊಮ್ಮೆ ಕಳಚಿ ಬೀಳುತ್ತದೆ. ಈ ಬಗೆಯ ಪಂಪಿಗೆ ಕಂಪನಿ ಹೇಳಿದ ಮಿತಿಯನ್ನು ಮೀರಲೇಬೇಡಿ. ಹೆಚ್ಚುವರಿ ಮ್ಯಾಗ್ನೆಟ್ ಅಂಟಿಸುವ ಉಪಾಯ ಇದಕ್ಕೆ ಹೊಂದುವುದಿಲ್ಲ.

ಎಷ್ಟು ಹಿಡಿತ ಬೇಕು?

ಪಂಪು ಗೋಡೆಯ ಮೇಲೆ ನಿಲ್ಲುವುದು ಘರ್ಷಣೆಯಿಂದ. ಮ್ಯಾಗ್ನೆಟ್ ಎಳೆಯುವ ಬಲದ ಒಂದು ಪಾಲು ಮಾತ್ರ ಜಾರುವುದನ್ನು ತಡೆಯಲು ಒದಗುತ್ತದೆ, ಪ್ಯಾಡಿನಡಿ ಲೋಳೆ ಕಟ್ಟಿದಂತೆ ಆ ಪಾಲು ಕುಗ್ಗುತ್ತದೆ. ಹೊಸದರಲ್ಲಿ ಗಟ್ಟಿಯಾಗಿ ನಿಂತದ್ದು ಮೂರು ವಾರಕ್ಕೆ ಜಾರುವುದು ಇದೇ ಕಾರಣಕ್ಕೆ.

ಗಂಟೆಗೆ 15,000 ಲೀಟರ್ ತಳ್ಳುವ, ಬಾಯಿ 7 ಸೆಂ.ಮೀ. ಇರುವ ಪಂಪನ್ನು ತೆಗೆದುಕೊಳ್ಳಿ. ನೀರು ಸೆಕೆಂಡಿಗೆ ಸುಮಾರು 1.1 ಮೀಟರ್ ವೇಗದಲ್ಲಿ ಹೊರಡುತ್ತದೆ, ಅದರ ಹಿಮ್ಮುಖ ಒತ್ತಡ ಸುಮಾರು 450 ಗ್ರಾಂ ತೂಕಕ್ಕೆ ಸಮ. ಪಂಪು ಗೋಡೆಯಿಂದ ನೇರ ಮುಂದಕ್ಕೆ ಊದಿದರೆ ಈ ಒತ್ತಡ ಪಂಪನ್ನು ಗೋಡೆಗೇ ಒತ್ತುತ್ತದೆ, ಅದು ನಮಗೆ ಲಾಭ. ಪಕ್ಕಕ್ಕೆ ತಿರುಗಿಸಿದರೆ ಅದೇ ಒತ್ತಡ ಪಂಪನ್ನು ಗೋಡೆಯುದ್ದಕ್ಕೂ ಜಾರಿಸಲು ನೋಡುತ್ತದೆ. ಪಂಪು ನೀರಿನೊಳಗೆ 600 ಗ್ರಾಂ ತೂಗಿದರೆ, ಪಕ್ಕಕ್ಕೆ ತಿರುಗಿಸಿದಾಗ ಎರಡೂ ಸೇರಿ 750 ಗ್ರಾಂ (ಒಂದು ಕೆಳಕ್ಕೆ, ಇನ್ನೊಂದು ಪಕ್ಕಕ್ಕೆ ಎಳೆಯುವುದರಿಂದ ಎರಡನ್ನೂ ನೇರ ಕೂಡಿಸುವಂತಿಲ್ಲ). ಇದರ ಮೂರರಷ್ಟು, ಅಂದರೆ 2.25 ಕೆ.ಜಿ. ಎಳೆತಕ್ಕೂ ಜಾರದಿದ್ದರೆ ನೆಮ್ಮದಿ.

ಇದನ್ನು ಪರೀಕ್ಷಿಸುವುದು ಸುಲಭ. ಅಕ್ರಿಲಿಕ್, ಗಾಜು, ನೀರು, ಮರ ಇವೆಲ್ಲ ಮ್ಯಾಗ್ನೆಟ್ಟಿಗೆ ಒಂದೇ. ಆದ್ದರಿಂದ ಟ್ಯಾಂಕ್ ಮುಟ್ಟುವ ಮೊದಲು ನಿಮ್ಮ ಗೋಡೆಯಷ್ಟೇ ದಪ್ಪಕ್ಕೆ ಪ್ಲೈವುಡ್ ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿ, ಎರಡೂ ಮುಖಕ್ಕೆ 3 ಮಿ.ಮೀ. ಅಕ್ರಿಲಿಕ್ ಚೂರು ಇಟ್ಟು ಒಟ್ಟು ದಪ್ಪ ಸರಿಹೊಂದಿಸಿ. ಮೇಲ್ಮೈ ಒದ್ದೆ ಮಾಡಿ ಮ್ಯಾಗ್ನೆಟ್ ಕೂರಿಸಿ, ಒಳಗಿನ ಅರ್ಧಕ್ಕೆ ದಾರ ಕಟ್ಟಿ, ಲಗೇಜು ತೂಗುವ ಕೈತಕ್ಕಡಿಯಿಂದ ಕೆಳಗೆ ಎಳೆಯಿರಿ. ಒಳಗಿನ ಅರ್ಧ ಹೊರಗಿನದಕ್ಕಿಂತ 2–3 ಮಿ.ಮೀ. ಕೆಳಗೆ ಜಗ್ಗಿ ನಿಂತರೂ ಹಿಡಿತ ಸಾಲದೆಂದೇ ಅರ್ಥ. ಮೋಟಾರ್ ಹೊರಗಿರುವ ಪಂಪಿನಲ್ಲಿ ಹೀಗೆ ಜಗ್ಗಿದರೆ ಸದ್ದು ಮತ್ತು ಬೇರಿಂಗ್ ಸವೆತ ಶುರುವಾಗುತ್ತದೆ. ಪಂಪನ್ನು ನೀರಿಲ್ಲದೆ ಓಡಿಸಿ ನೋಡಬೇಡಿ.

ಮ್ಯಾಗ್ನೆಟ್ಟಿನ ಒತ್ತಡಕ್ಕೆ ಗೋಡೆ ಸೀಳಬಹುದೆಂದು ಹೆದರುವವರು ಬಹಳ. ಎರಡು ಅರ್ಧಗಳೂ ಗೋಡೆಯನ್ನು ಎದುರುಬದುರಾಗಿ ಹಿಸುಕುತ್ತವೆ, ಬಾಗಿಸುವುದಿಲ್ಲ. 10 ಕೆ.ಜಿ. ಬಲ 25 ಚದರ ಸೆಂ.ಮೀ. ಮೇಲೆ ಹರಡಿದರೆ ಅಕ್ರಿಲಿಕ್ಕಿಗೆ ಅದು ಲೆಕ್ಕಕ್ಕೇ ಇಲ್ಲ. ಅಪಾಯವಿರುವುದು ಎರಡು ಕಡೆ: ಮ್ಯಾಗ್ನೆಟ್ ಕೈತಪ್ಪಿ ಗೋಡೆಗೆ ಬಡಿಯುವುದರಲ್ಲಿ, ಮತ್ತು ಪ್ಯಾಡಿನಡಿ ಸಿಕ್ಕಿಬಿದ್ದ ಮರಳಿನಲ್ಲಿ.

ಪ್ಯಾಡ್

ಪಿವಿಸಿಯ ಮೆತ್ತನೆ ಹಾಳೆಯನ್ನು ಪ್ಯಾಡಾಗಿ ಕತ್ತರಿಸಿ ಹಾಕಬೇಡಿ. ಅದನ್ನು ಮೆತ್ತಗಾಗಿಸಲು ಸೇರಿಸಿದ ಎಣ್ಣೆಯಂಥ ವಸ್ತು ನಿಧಾನವಾಗಿ ಅಕ್ರಿಲಿಕ್ಕಿಗೆ ಇಳಿದು ಸಣ್ಣ ಬಿರುಕುಗಳ ಜಾಲ ಮೂಡಿಸುತ್ತದೆ. ಸಿಲಿಕೋನ್ ಅಥವಾ ಇಪಿಡಿಎಂ ರಬ್ಬರ್ ಹಾಳೆ, 0.5ರಿಂದ 1 ಮಿ.ಮೀ., ಸಾಕು. ಹಿಡಿತ ಹೆಚ್ಚಲೆಂದು ಪ್ಯಾಡನ್ನೇ ಕಿತ್ತುಹಾಕುವುದು ಗಾಜಿಗೆ ನಡೆದೀತು, ಅಕ್ರಿಲಿಕ್ಕಿಗೆ ಸಲ್ಲ. ತೆಳುವಾದದ್ದಕ್ಕೆ ಬದಲಿಸಿ, ತೆಗೆಯಬೇಡಿ.

ಕೂರಿಸುವ ಕ್ರಮ

ಜಾಗ ಆರಿಸುವಾಗ ಗೋಡೆಗಳು ಕೂಡುವ ಅಂಟು ಗೆರೆಯಿಂದ 5 ಸೆಂ.ಮೀ. ದೂರವಿರಿ. ಮರಳಿನ ಮಟ್ಟಕ್ಕಿಂತ ಸಾಕಷ್ಟು ಮೇಲಿರಲಿ, ಮೇಲೆದ್ದ ಮರಳು ಪ್ಯಾಡಿನ ಅಂಚಿಗೆ ಬಂದು ಕೂರಬಾರದು. ಹೊರಗೆ ಮೋಟಾರ್ ಇದ್ದರೆ ಅದರ ಹಿಂದಿರುವ ಮನೆಯ ಗೋಡೆಗೂ ಅದಕ್ಕೂ ನಡುವೆ 5 ಸೆಂ.ಮೀ. ಗಾಳಿಯಾಡಲು ಬಿಡಿ. ಅಕ್ರಿಲಿಕ್ ಶಾಖವನ್ನು ಗಾಜಿನಷ್ಟು ಸಾಗಿಸುವುದಿಲ್ಲ, ಬಿಸಿ ಮೋಟಾರಿನಲ್ಲೇ ಉಳಿಯುತ್ತದೆ. ನಿಯೋಡಿಮಿಯಂ ಮ್ಯಾಗ್ನೆಟ್ಟಿನ ಕಾಂತಶಕ್ತಿ ಪ್ರತಿ ಡಿಗ್ರಿಗೆ ಸುಮಾರು ಶೇಕಡಾ 0.12 ಇಳಿಯುತ್ತದೆ. ಬೇಸಿಗೆಯಲ್ಲಿ ಮುಚ್ಚಿದ ಕ್ಯಾಬಿನೆಟ್ಟಿನೊಳಗೆ ಹೊರಗಿನ ಮ್ಯಾಗ್ನೆಟ್ 25ರಿಂದ 60 ಡಿಗ್ರಿಗೆ ಬಂದರೆ, ಎಳೆಯುವ ಬಲದಲ್ಲಿ ಸುಮಾರು ಶೇಕಡಾ 4ರಷ್ಟು ಕಳೆದುಕೊಂಡಂತೆ.

ಇನ್ನು ಕೆಲಸ:

1. ಪಂಪಿನ ವಿದ್ಯುತ್ ಕಳಚಿ. ಗಡಿಯಾರ, ಫೋನು, ಕಾರ್ಡುಗಳನ್ನು ದೂರ ಇಡಿ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಈ ಕೆಲಸಕ್ಕೆ ಕೈ ಹಾಕಬಾರದು.
2. ಗೋಡೆಯ ಎರಡೂ ಮುಖವನ್ನು ಬೇರೆಬೇರೆ ಮೆತ್ತನೆ ಹತ್ತಿ ಬಟ್ಟೆಯಿಂದ ಒರೆಸಿ. ಹೊರಮುಖಕ್ಕೆ ಬರೀ ನೀರು ಸಾಕು. ಅಮೋನಿಯಾ ಇರುವ ಗಾಜು ಒರೆಸುವ ದ್ರವ, ಸ್ಪಿರಿಟ್, ಥಿನ್ನರ್, ಅಸಿಟೋನ್ ಇವು ಅಕ್ರಿಲಿಕ್ಕನ್ನು ಬಿರುಕು ಬಿಡಿಸುತ್ತವೆ.
3. ಒಳಗಿನ ಅರ್ಧದ ಪ್ಯಾಡನ್ನು ನಲ್ಲಿಯಡಿ ತೊಳೆದು, ಬೆರಳಿನಿಂದ ಸವರಿ ನೋಡಿ. ಒಂದು ಮರಳು ಕಣವೂ ಇರಬಾರದು.
4. ಇಬ್ಬರಿದ್ದರೆ ಒಳ್ಳೆಯದು. ಒಬ್ಬರು ಒಳಗಿನ ಅರ್ಧವನ್ನು ಗೋಡೆಗೆ ಒತ್ತಿ ಹಿಡಿಯಲಿ. ಇನ್ನೊಬ್ಬರು ಹೊರಗಿನದನ್ನು ಓರೆಯಾಗಿ ತಂದು ಮೊದಲು ಒಂದು ಅಂಚನ್ನು ತಾಗಿಸಿ, ಆಮೇಲೆ ಮೆಲ್ಲಗೆ ಮಲಗಿಸಲಿ. ಮುಖಾಮುಖಿ ನೇರವಾಗಿ ತಂದರೆ ಕೊನೆಯ ಒಂದೆರಡು ಸೆಂ.ಮೀ.ನಲ್ಲಿ ಅದು ಕೈಯಿಂದ ಹಾರಿ ಬಡಿಯುತ್ತದೆ.
5. ಕೂತ ಮೇಲೆ ಜಾಗ ಬದಲಿಸಬೇಕೆನಿಸಿದರೆ ಎಳೆದಾಡಬೇಡಿ. ಹೊರಗಿನ ಅರ್ಧವನ್ನು ಓರೆ ಮಾಡಿ ಬಿಡಿಸಿ, ಮತ್ತೆ ಕೂರಿಸಿ. ಎಳೆದಾಡಿದಷ್ಟೂ ಗೀರು.
6. ಪಂಪಿನ ತಂತಿಯನ್ನೋ ಒಂದು ನೈಲಾನ್ ದಾರವನ್ನೋ ಮೇಲಿನ ಪಟ್ಟಿಗೆ ಕಟ್ಟಿ, 5 ಸೆಂ.ಮೀ. ಸಡಿಲ ಬಿಡಿ. ಹಿಡಿತ ತಪ್ಪಿದರೂ ಪಂಪು ತಳ ಮುಟ್ಟಬಾರದು. ತಳಕ್ಕೆ ಬಿದ್ದ ಪಂಪು ಓಡುತ್ತಲೇ ಇದ್ದರೆ ಮರಳನ್ನು ಎತ್ತಿ ಇಡೀ ಗೋಡೆಗೆ ಎರಚುತ್ತದೆ. ಒಂದು ರಾತ್ರಿಯಲ್ಲಿ ಗೋಡೆ ಮಸುಕಾಗಲು ಅಷ್ಟು ಸಾಕು.
7. ತಂತಿ ಸಾಕೆಟ್ಟಿಗಿಂತ ಕೆಳಗೆ ಜೋತು ಬಿದ್ದು ಮತ್ತೆ ಮೇಲೇರಲಿ, ಆಗ ಸೋರಿದ ನೀರು ಪ್ಲಗ್ಗಿಗೆ ಹೋಗುವುದಿಲ್ಲ. ಲೈನಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿದುಬಿಡುವ ಸ್ವಿಚ್ಚು) ಇರಲೇಬೇಕು.
8. ಶೇಕಡಾ 30 ವೇಗದಲ್ಲಿ ಶುರು ಮಾಡಿ, ಒಂದು ದಿನ ಬಿಟ್ಟು ಏರಿಸಿ. ಯಾವುದೋ ಒಂದು ವೇಗದಲ್ಲಿ ಗೋಡೆ ಗುಂಯ್ಗುಡುತ್ತಿದ್ದರೆ ವೇಗವನ್ನು ಶೇಕಡಾ 5ರಷ್ಟು ಆಚೀಚೆ ಮಾಡಿ. ಅಕ್ರಿಲಿಕ್ ಗಾಜಿಗಿಂತ ಮೆತು, ಕಂಪನಕ್ಕೆ ಬೇಗ ಓಗೊಡುತ್ತದೆ.

ಕರೆಂಟು ಪದೇಪದೇ ಹೋಗಿ ಬರುವ ಕಡೆ ಪ್ರತಿ ಸಲವೂ ಪಂಪು ನಿಂತಲ್ಲಿಂದ ಏಳಬೇಕು, ಕಳಚಿಕೊಳ್ಳುವುದು ಹೆಚ್ಚಾಗಿ ಆಗಲೇ. ಕಂಟ್ರೋಲರಿನಲ್ಲಿ ನಿಧಾನ ಆರಂಭದ ಆಯ್ಕೆ ಇದ್ದರೆ ಅದನ್ನು ಹಾಕಿಡಿ.

ಗೋಡೆ ಮಿತಿಗಿಂತ ದಪ್ಪವಿದ್ದರೆ

ಮೋಟಾರ್ ಒಳಗಿರುವ ಪಂಪಾದರೆ ಹೊರಗಿನ ಮ್ಯಾಗ್ನೆಟ್ಟಿನ ಬೆನ್ನಿಗೆ 3–5 ಮಿ.ಮೀ. ಮೈಲ್ಡ್ ಸ್ಟೀಲ್ ಪಟ್ಟಿ ಇಡಬಹುದು. ಹೋಲ್ಡರಿನೊಳಗೆ ಎದುರು ಧ್ರುವದ ಮ್ಯಾಗ್ನೆಟ್‌ಗಳು ಅಕ್ಕಪಕ್ಕ ಇದ್ದರೆ ಪಟ್ಟಿ ಅವನ್ನು ಹಿಂದಿನಿಂದ ಜೋಡಿಸಿ ಹಿಡಿತ ಹೆಚ್ಚಿಸುತ್ತದೆ, ಒಂಟಿ ಮ್ಯಾಗ್ನೆಟ್ಟಿಗೆ ಅಷ್ಟು ಉಪಯೋಗವಿಲ್ಲ. ಉಪ್ಪುನೀರಿನ ಹನಿ ತಾಗುವುದರಿಂದ ಪಟ್ಟಿಗೆ ಬಣ್ಣ ಬಳಿಯಿರಿ.

ನಮ್ಮ ಮಟ್ಟಿಗೆ ಇದಕ್ಕಿಂತ ನೆಚ್ಚಬಹುದಾದದ್ದು ಒಳಗೆ ಇಳಿಬಿಡುವ ತೆಳು ಹಲಗೆ. 8 ಮಿ.ಮೀ. ಅಕ್ರಿಲಿಕ್ಕನ್ನು ಬಿಸಿ ತಂತಿಯ ಮೇಲೆ ಸುಮಾರು 150–160 ಡಿಗ್ರಿಗೆ ಕಾಯಿಸಿ ಕೊಕ್ಕೆಯಾಗಿ ಬಾಗಿಸಿ, ಮೇಲಿನ ಅಡ್ಡಪಟ್ಟಿಗೆ ಸಿಕ್ಕಿಸಿ. ಬಾಗಿನ ಒಳ ತ್ರಿಜ್ಯ ದಪ್ಪದ ಎರಡರಷ್ಟಾದರೂ ಇರಲಿ, ಚೂಪಾಗಿ ಮಡಚಿದರೆ ಅಲ್ಲೇ ಬಿರುಕು. ಕೆಳತುದಿಗೆ ಒಂದು ಸಿಲಿಕೋನ್ ಗುಬ್ಬಿ ಹಾಕಿದರೆ ಹಲಗೆ ಗೋಡೆಗೆ ಬಡಿಯುವುದಿಲ್ಲ. ಪಂಪಿನ ಎರಡೂ ಅರ್ಧ ಈ ಹಲಗೆಯ ಆಚೀಚೆ ಕೂರುತ್ತವೆ, ಅಂತರ 8 ಮಿ.ಮೀ.ಗೆ ಇಳಿಯಿತು. ಸ್ಕ್ರೂ ಬೇಕಾದರೆ ನೈಲಾನಿನದೇ ಬಳಸಿ. ಟ್ಯಾಂಕಿನೊಳಗೆ ಓವರ್‌ಫ್ಲೋ ಪೆಟ್ಟಿಗೆ (ಮೇಲಿನ ನೀರು ಹೊರಕ್ಕೆ ಇಳಿಯುವ ಪೆಟ್ಟಿಗೆ) ಇದ್ದು ಅದರ ಗೋಡೆ ತೆಳುವಾಗಿದ್ದರೆ ಅದನ್ನೂ ಇದೇ ರೀತಿ ಬಳಸಬಹುದು.

ಒಂದು ಎಚ್ಚರಿಕೆ: ಹೊರಗಿರಬೇಕಾದ ಅರ್ಧವನ್ನು ನೀರಿಗೆ ಇಳಿಸುವ ಮೊದಲು ಅದು ಎಲ್ಲ ಕಡೆಯಿಂದ ಮುಚ್ಚಿದೆಯೇ ನೋಡಿ. ನಿಯೋಡಿಮಿಯಂ ಮ್ಯಾಗ್ನೆಟ್ಟಿನ ಲೇಪನ ಸಾಮಾನ್ಯವಾಗಿ ನಿಕ್ಕಲ್, ತಾಮ್ರ, ಮತ್ತೆ ನಿಕ್ಕಲ್. ಕವಚ ಒಡೆದರೆ ಮ್ಯಾಗ್ನೆಟ್ ತುಕ್ಕು ಹಿಡಿದು ಊದಿಕೊಳ್ಳುತ್ತದೆ, ನೀರಿಗೆ ಸೇರುವ ತಾಮ್ರ ಸೀಗಡಿ, ಹವಳಗಳಿಗೆ ವಿಷ. ಕವಚ ಉಬ್ಬಿದ್ದರೆ, ಜೋಡಣೆಯಲ್ಲಿ ಕಂದು ಗೆರೆ ಕಂಡರೆ, ಅದೇ ದಿನ ಹೊರತೆಗೆಯಿರಿ. ಹೊರಗಿರುವ ಬಗೆಯ ಮೋಟಾರನ್ನಂತೂ ನೀರಿಗೆ ಇಳಿಸುವ ಪ್ರಶ್ನೆಯೇ ಇಲ್ಲ.

ಗೋಡೆಯನ್ನೇ ಕೊರೆದು ತೆಳುಮಾಡುವ ಸಲಹೆಯೂ ಕೇಳಿಬರುತ್ತದೆ. ನೀರಿನ ಒತ್ತಡ ಹೊರುವ ಗೋಡೆಯಲ್ಲಿ ಗುಂಡಿ ತೋಡಿದರೆ ಅದರ ಮೂಲೆಗಳಿಂದಲೇ ಸೀಳು ಶುರುವಾಗುತ್ತದೆ, ಬೇಡ. ಸಿಲಿಕೋನ್ ಅಂಟು ಅಕ್ರಿಲಿಕ್ಕಿಗೆ ಗಟ್ಟಿ ಹಿಡಿಯುವುದಿಲ್ಲ, ಭಾರ ಹೊರಿಸಬೇಡಿ. ರಬ್ಬರ್ ಹೀರುಬಟ್ಟಲುಗಳು ಕ್ರಮೇಣ ಗಟ್ಟಿಯಾಗಿ ಬಿಟ್ಟುಕೊಳ್ಳುತ್ತವೆ, ಹೀಟರಿಗೆ ಅವನ್ನು ನೆಚ್ಚಬೇಡಿ.

ಇತರ ಸಾಮಾನು

ಹವಳದ ತುಂಡುಗಳ ರ‍್ಯಾಕಿಗೆ ಇಂದಿನ ತೂಕವಲ್ಲ, ಹವಳ ಬೆಳೆದ ಮೇಲಿನ ತೂಕ ಲೆಕ್ಕಕ್ಕೆ ಬರಬೇಕು. ನೀರಿನ ಮಟ್ಟದ ಸೆನ್ಸರ್‌ಗಳ ಮ್ಯಾಗ್ನೆಟ್ ಚಿಕ್ಕದು, ಅವನ್ನು ತೆಳುಗೋಡೆಯ ಸಂಪಿನಲ್ಲೇ (ಟ್ಯಾಂಕಿಗೆ ಜೋಡಿಸಿದ ಪಕ್ಕದ ಸಣ್ಣ ತೊಟ್ಟಿ) ಇಡಿ. ಪಾಚಿ ಕೆರೆಯುವ ಮ್ಯಾಗ್ನೆಟ್ಟಿನಲ್ಲಿ ಲೋಹದ ಬ್ಲೇಡ್ ಇದ್ದರೆ ತೆಗೆದು ಪ್ಲಾಸ್ಟಿಕ್ಕಿನದು ಹಾಕಿ, ಮರಳಿನಿಂದ ನಾಲ್ಕು ಬೆರಳು ಮೇಲೆಯೇ ನಿಲ್ಲಿಸಿ, ಕೆಲಸ ಮುಗಿದ ಮೇಲೆ ಟ್ಯಾಂಕಿನಲ್ಲಿ ಬಿಡಬೇಡಿ.

ನಿಗಾ

ನಾಲ್ಕು ವಾರಕ್ಕೊಮ್ಮೆ ಪಂಪು ಬಿಡಿಸಿ ಪ್ಯಾಡ್ ಮತ್ತು ಗೋಡೆಯ ಲೋಳೆ ಒರೆಸಿ. ಸಮುದ್ರನೀರಿನ ಟ್ಯಾಂಕಿನಲ್ಲಿ ಸುಣ್ಣದಂಥ ನೇರಳೆ ಪಾಚಿ ಪ್ಯಾಡಿನ ಅಂಚಿನಿಂದ ಒಳಸೇರುತ್ತದೆ, ಅದರ ಮೇಲೆ ಪಂಪು ಜಾರಿದರೆ ಮರಳುಕಾಗದ ಉಜ್ಜಿದಂತೆಯೇ. ಸಿಹಿನೀರಿನ ಟ್ಯಾಂಕಿಗೆ ಬೆಂಗಳೂರಿನ ಗಡಸು ಬೋರ್‌ವೆಲ್ ನೀರು ಹಾಕುವವರಿಗೆ ಬಿಳಿ ಪದರದ ಕಾಟ. ಮೂರು ತಿಂಗಳಿಗೊಮ್ಮೆ ಪಂಪಿನ ಒಳಭಾಗವನ್ನು ಲೀಟರಿಗೆ 50 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿದ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆ ನೆನೆಸಿ, ಚೆನ್ನಾಗಿ ತೊಳೆಯಿರಿ.

ಬಿಡಿಸಿದ ಎರಡು ಅರ್ಧಗಳನ್ನು ಮೇಜಿನ ಮೇಲೆ ಹತ್ತಿರ ಇಡಬೇಡಿ. ನಡುವೆ ಗೋಡೆಯಿಲ್ಲದಾಗ ಇವು ಒಂದಕ್ಕೊಂದು ಹಾರಿ ಬೆರಳು ಜಜ್ಜಿಬಿಡುತ್ತವೆ, ಕವಚವೂ ಒಡೆಯುತ್ತದೆ. ಪಂಪು ತೊಳೆಯುವಷ್ಟು ಹೊತ್ತು ಒಂದನ್ನು ಬೇರೆ ಕೋಣೆಯಲ್ಲಿಡಿ, ಇಲ್ಲವೇ ನಡುವೆ 5 ಸೆಂ.ಮೀ. ಮರದ ತುಂಡು ಇಟ್ಟು ಕಟ್ಟಿಡಿ.